ಕಲ್ಲಿನ ನರ್ತಕಿಯೂ ಕೊಡದ ಜೋಗತಿಯೂ

ಹಂಪೆಗೆ ಹೋದವರು ಮಹಾನವಮಿ ದಿಬ್ಬದ ಮಗ್ಗುಲಲ್ಲಿ ಕೊರೆದಿರುವ ನರ್ತಕಿಯರನ್ನೂ ವಾದ್ಯಗಾರರನ್ನೂ ನೋಡದೆ ಬರುವುದಿಲ್ಲವಷ್ಟೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಇಲ್ಲಿಗೆ ಬಂದಿದ್ದ ಡೊಮಿಂಗೊ ಪೇಯಸನೆಂಬ ಪೋರ್ಚುಗೀಸನು ಅರಮನೆಯ ನೃತ್ಯಶಾಲೆಯೊಂದನ್ನು ವರ್ಣಿಸಿರುವನು. ಒಂದೊಂದು ನರ್ತನವು ಮುಗಿಯುವಾಗ ಯಾವ ಭಂಗಿಯಲ್ಲಿ ನಿಲ್ಲಬೇಕೋ ಅದನ್ನು ಅಲ್ಲಿ ಶಿಲ್ಪವಾಗಿ ನಿಲ್ಲಿಸಿದ್ದರಂತೆ. ಕಲಿಯುವವಳು ಮರೆತರೆ ಅತ್ತ ನೋಡಿ ಜ್ಞಾಪಿಸಿಕೊಳ್ಳಬೇಕು. ಮೈಕೈಗಳನ್ನು ಸಡಿಲಗೊಳಿಸಲು ಹಿಡಿದು ಬಾಗುವ ಸ್ಥಳವೂ ಇದ್ದಿತಂತೆ. ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ನಾವು ನಮ್ಮ ಉಪಾಧ್ಯಾಯವೃತ್ತಿಯಲ್ಲೆಲ್ಲ ಕಂಡುದಿಲ್ಲ!

1565ರ ಯುದ್ಧದಿಂದ ನಗರವು ಹಾಳಾಯಿತು. ಶಿಲ್ಪಗಳೇನೋ ಬೇರೆ ಕಡೆಗಳಲ್ಲಿ ಬೇಕಾದಷ್ಟು ಉಳಿದಿವೆ. ಆದರೆ ನೃತ್ಯವು ಭಾವವನ್ನೂ ನೃತ್ತವು ತಾಳಲಯಗಳನ್ನೂ ಆಶ್ರಯಿಸಿದುದೆಂದು ದಶರೂಪಕಕಾರನಾದ ಧನಂಜಯನು ವಿಂಗಡಿಸುವನು. ಕಲ್ಲು ಭಂಗಿಯನ್ನು ಹಿಡಿದಿಟ್ಟೀತು, ಲಯವನ್ನು ಹಿಡಿದಿಡಲಾರದು. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ಕೂಡ ಈಗ ಬಡಿದು ನೋಡಲು ಅಪ್ಪಣೆಯಿಲ್ಲ. ಲಯವು ಒಬ್ಬರ ಪಾದದಿಂದ ಇನ್ನೊಬ್ಬರ ಪಾದಕ್ಕೆ ಬರತಕ್ಕ ವಸ್ತು.

ಆ ಪಾದಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಮಂಗಳವಾರ ಶುಕ್ರವಾರಗಳಲ್ಲಿ ಯಲ್ಲಮ್ಮನ ಹೆಸರು ಹೇಳಿಕೊಂಡು ಬರುವ ಜೋಗತಿಯರನ್ನು ಯಾರು ಕಾಣರು? ಒಬ್ಬಳು ಚೌಡಿಕೆಯ ತಂತಿಯನ್ನು ಮೀಟುವಳು. ಇನ್ನೊಬ್ಬಳು ತಲೆಯ ಮೇಲೆ ಕೊಡವಿಟ್ಟು, ಕೈಯಾಸರೆಯಿಲ್ಲದೆ, ಕುಣಿಯುತ್ತ ಕೂರುವಳು, ಏಳುವಳು. ಅರಮನೆಯ ನರ್ತನಕ್ಕೂ ಇದಕ್ಕೂ ವಂಶಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಗೃಹಸ್ಥರಾದ ನಾವು ಕಲ್ಲಿನ ನರ್ತಕಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಕೊಂಡಾಡುವೆವು. ಜೀವಂತ ನರ್ತಕಿಯು ಬಾಗಿಲಿಗೆ ಬಂದರೆ ಮಕ್ಕಳನ್ನು ಒಳಗೆ ಕರೆಯುವೆವು. ಇದೇ ನಮ್ಮ ಆಕ್ಷೇಪ.

ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಅದು ಅತ್ಯಂತ ಯುಕ್ತವೇ ಸರಿ. ಆದರೆ ಪದ್ಧತಿಯ ಪಾಪವನ್ನು ಕಲೆಯ ತಲೆಗೆ ಕಟ್ಟುವುದು ನ್ಯಾಯವೆ? ಕ್ಯೂಬಾ ದ್ವೀಪಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕೆಯ ಜನರು ತಮ್ಮ ಚರ್ಮವಾದ್ಯಗಳ ಲಯವನ್ನು ಬಿಡಲಿಲ್ಲ. ಅದರಿಂದ ಬೆಳೆದ ಮಾಂಬೊ ಎಂಬ ಕುಣಿತವು 1950ರ ಸುಮಾರಿಗೆ ನ್ಯೂಯಾರ್ಕಿನವರನ್ನೆಲ್ಲ ಕುಣಿಸಿತು. ಗುಲಾಮತನವನ್ನು ಹಳಿದವರು ಆ ಲಯವನ್ನು ಹಳಿಯಬೇಕಾಗಲಿಲ್ಲ.

ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಹೆಸರನ್ನು ವಾಚಕರು ಬಲ್ಲರು. ಗಂಡಾಗಿ ಹುಟ್ಟಿ, ಹೆಣ್ಣೆಂದು ತಮ್ಮನ್ನು ಅರಿತುಕೊಂಡು, ಮನೆಯಿಂದ ದೂರವಾಗಿ, ಈ ಕುಣಿತವನ್ನೇ ಅನ್ನಕ್ಕೂ ಮಾನಕ್ಕೂ ದಾರಿಯಾಗಿ ಮಾಡಿಕೊಂಡವರು ಆಕೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿಯನ್ನು ಸ್ವೀಕರಿಸುವ ಮುನ್ನ ಆಕೆ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದುದನ್ನು ದೇಶವೆಲ್ಲ ನೋಡಿತು. ನಮ್ಮ ಬೀದಿಯ ಹೆಂಗಸರೂ ನೋಡಿ ಹಿಗ್ಗಿದರು. ಮುಂದಿನ ಶುಕ್ರವಾರ ಬಂದ ಜೋಗತಿಗೆ ಒಂದು ಮನೆಯ ಜಗಲಿಯ ಮೇಲೆ ಚಾಪೆ ಹಾಸಿ, "ಕೂತುಕೊಳ್ಳಿರಮ್ಮಾ, ಒಂದು ಪದ ಹೇಳಿರಿ" ಎಂದರು. ಉಳಿದ ಮನೆಗಳಲ್ಲಿ ಎಂದಿನಂತೆ ಹಿಡಿ ಜೋಳ.