ಅಕ್ಕಿ ಡಬ್ಬಿಯಲ್ಲಿದ್ದ ಮಾತ್ರೆ

ನನ್ನ ಓರಗಿತ್ತಿಯ ಎದೆಯೊಳಗೆ ಗಡಿಯಾರದಂತೆ ಸದ್ದಾಗುತ್ತದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ವಿದ್ಯುತ್ ಮಗ್ಗಗಳು ನಿಂತ ಮೇಲೆ ಪಕ್ಕದಲ್ಲಿ ಮಲಗಿದವರಿಗೂ ಅದು ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆಯೇ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಎರಡನೇ ಹೆರಿಗೆಯಾದ ಮೇಲೆ ಬೆಂಗಳೂರಿನಲ್ಲಿ ಲೋಹದ ಕವಾಟ ಹಾಕಿದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಿರಲು ದಿನವೂ ವಾರ್ಫರಿನ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ.

‘ಇನ್ನು ಮಕ್ಕಳು ಬೇಡ’ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮಾತು ಸರಿಯೇ, ವಾರ್ಫರಿನ್ ಗರ್ಭದಲ್ಲಿರುವ ಕೂಸಿನ ಮೂಗು, ಮೂಳೆಗಳಿಗೆ ಊನ ತರಬಲ್ಲದು. ಆದರೆ ಬೇಡವೆಂದರೆ ಮಾಡಬೇಕಾದದ್ದೇನು ಎಂದು ಯಾರೂ ಹೇಳಲಿಲ್ಲ. ಆಕೆ ಪುಕ್ಕಟೆ ಸಿಗುವ ಮಾಲಾ-ಎನ್ ತಂದು, ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯಲ್ಲಿಟ್ಟಳು. ಕೊಟ್ಟವರು ಎದೆಯ ಗಾಯದ ವಿಷಯ ಕೇಳಲಿಲ್ಲ, ಈಕೆ ಹೇಳಲಿಲ್ಲ.

ಮೂರನೇ ತಿಂಗಳಿಗೆ ಎಡಗಾಲು ಊದಿಕೊಂಡಿತು. ಮಗ್ಗದ ಮುಂದೆ ನಿಂತು ನಿಂತು ಹೀಗಾಗಿದೆ ಎಂದರು ಮನೆಯವರು. ಸ್ಕ್ಯಾನ್‌ನಲ್ಲಿ ಕಂಡದ್ದು ರಕ್ತನಾಳದ ಹೆಪ್ಪು. ಬೇರೆ ಯಾವ ಮಾತ್ರೆ ತಗೋತೀಯಮ್ಮ ಎಂದು ಡಾಕ್ಟರು ಕೇಳಿದಾಗ ತಲೆ ತಗ್ಗಿಸಿದವಳು, ಹೊರಗೆ ಬಂದು ನನ್ನ ಕಿವಿಯಲ್ಲಿ, ‘ಆಪಾ, ಇನ್ನೊಂದು ಇದೆ’ ಎಂದಳು. ನಾನು ಮತ್ತೆ ಒಳಗೆ ಹೋದೆ.

ಮಾಲಾ-ಎನ್‌ನ 28 ಮಾತ್ರೆಗಳಲ್ಲಿ 7 ಬರೀ ಕಬ್ಬಿಣದವು. ಉಳಿದ 21ರಲ್ಲಿ ಈಸ್ಟ್ರೋಜನ್ ಇದೆ. ಅದು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಒಂದು ಮಾತ್ರೆ ತಡೆಯುವುದನ್ನೇ ಇನ್ನೊಂದು ಕರೆಯುತ್ತಿತ್ತು! ಆರೋಗ್ಯವಂತ ಹೆಂಗಸರು ಇದಕ್ಕೆ ಹೆದರಬೇಕಿಲ್ಲ, ಅವರಲ್ಲಿ ಹೆಪ್ಪಾಗುವುದು ಅಪರೂಪ. ಆದರೆ ತೊಡಕಿನ ಕವಾಟ ರೋಗವಿದ್ದವರು ಈ ಬಗೆಯ ಮಾತ್ರೆ ಬಳಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಹೆಪ್ಪು ಕಾಲಿನ ಬದಲು ಕವಾಟದ ಮೇಲೆ ಕೂತಿದ್ದರೆ? ಪಾರ್ಶ್ವವಾಯು, ಇಲ್ಲವೇ ಸಾವು. ಡ್ರೋಸ್ಪೈರೆನೋನ್ ಇರುವ ಗರ್ಭನಿರೋಧಕ ಮಾತ್ರೆಗಳದ್ದು ಬೇರೆ ತಕರಾರು: ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ಗಳ ಜೊತೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎದೆಬಡಿತ ತಪ್ಪಬಹುದು.

ಈಗ ಆಕೆಯ ಕಾಲು ಇಳಿದಿದೆ. ಕಾಪರ್-ಟಿ ಹಾಕಿಸಿದರೆ ವಾರ್ಫರಿನ್ ತಿನ್ನುವವಳಿಗೆ ಮುಟ್ಟಿನ ಸ್ರಾವ ಹೆಚ್ಚುವ ಭಯ. ಆಕೆಗೇ ಶಸ್ತ್ರಚಿಕಿತ್ಸೆ ಎಂದರೆ ವಾರ್ಫರಿನ್ ನಿಲ್ಲಿಸುವ, ಬದಲಿಸುವ ರಗಳೆ. ಗಂಡಸರಿಗಾದರೆ ಕೆಲವೇ ನಿಮಿಷದ ಕೆಲಸ ಎಂದರು ಡಾಕ್ಟರು. ಮೈದುನ ಮುಖ ಬಾಡಿಸಿಕೊಂಡ. ವಾರವಿಡೀ ಭಾರ ಎತ್ತಬಾರದಂತೆ, ಮಗ್ಗ ಯಾರು ನಡೆಸುವುದು ಎಂದು ಕೇಳಿದ.

‘ನಾನು ನಡೆಸ್ತೀನಿ’ ಎಂದಳು ಅವಳು, ಅತ್ತೆಯ ಎದುರಿಗೇ.