ಬಾಲದಲ್ಲಿ ಬಳೆ ಇಲ್ಲದ ಬೆಕ್ಕು

ಬೊರಿವಲಿ ಪೂರ್ವದ ನಮ್ಮ ಕಟ್ಟಡದ ಹಿಂದಿನ ಗೋಡೆ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಮಳೆಗಾಲ ಮುಗಿದ ಮೇಲೊಂದು ರಾತ್ರಿ ಲೋಕಲ್ ಇಳಿದು ಬಂದವಳಿಗೆ ವಾಚ್‌ಮನ್ ಚಾಚಾ ಒಂದು ರಟ್ಟಿನ ಡಬ್ಬ ತೋರಿಸಿದರು. ಒಳಗೆ ಅಂಗೈಯಷ್ಟೇ ಇದ್ದ ಬೆಕ್ಕಿನ ಮರಿ, ಮೈತುಂಬ ಕಪ್ಪು ಚುಕ್ಕೆ. ಗೋಡೆಯ ಬುಡದಲ್ಲಿ ಸಿಕ್ಕಿತಂತೆ. ಮೇಲೆ ಒಯ್ದು ಹಾಲು ಹಾಕಿ ಮೇಡಂ, ಎಂದರು.

ನನ್ನ ಕೈ ಮುಂದೆ ಹೋಗಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಮಂಡ್ಯ ಹತ್ತಿರದ ನಮ್ಮೂರಲ್ಲಿ ಕಬ್ಬು ಕಡಿಯುವಾಗ ಇಂಥವೇ ಎರಡು ಮರಿ ಸಿಕ್ಕಿದ್ದವು. ಫ್ರಾಕಿನ ಮಡಿಲಲ್ಲಿ ಸುತ್ತಿ ಮನೆಗೆ ತಂದಿದ್ದೆ. ಹಸುವಿನ ಹಾಲನ್ನು ಹತ್ತಿಯಲ್ಲಿ ಅದ್ದಿ ಬಾಯಿಗಿಟ್ಟೆ. ಮೂರನೇ ದಿನ ಒಂದು ಹೋಯಿತು, ಐದನೇ ದಿನ ಇನ್ನೊಂದು. ಅಷ್ಟೂ ರಾತ್ರಿ ಗದ್ದೆಯ ಕಡೆಯಿಂದ ಬೆಕ್ಕು ಕೂಗುತ್ತಿತ್ತು. "ಗಂಡು ಬೆಕ್ಕು ಕಣವ್ವ, ಮಲಿಕೋ" ಎಂದಿದ್ದರು ಅಮ್ಮ.

ಮುಂಬೈಗೆ ಬಂದ ಮೇಲೆ, ಪಾರ್ಕಿನಲ್ಲಿ ವಾಕಿಂಗ್ ಹೋಗುವ ಚಟದಿಂದ, ವಾಘಾಟಿ ಎಂಬ ಮರಾಠಿ ಹೆಸರು ಕಿವಿಗೆ ಬಿತ್ತು. ತುಕ್ಕು ಬಣ್ಣದ ಚುಕ್ಕೆಯ ಕಾಡುಬೆಕ್ಕು. ಜಗತ್ತಿನ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದು. ಬೆಳೆದದ್ದೂ ಒಂದು, ಒಂದೂವರೆ ಕೆಜಿ ಮಾತ್ರ. ಇರುವುದು ಭಾರತ, ಶ್ರೀಲಂಕಾ, ನೇಪಾಳದಲ್ಲಷ್ಟೇ. ಚಿರತೆಗೆ ಹೆಸರಾದ ನಮ್ಮ ಬೊರಿವಲಿ ಕಾಡಿನಲ್ಲೂ ಉಂಟು. ಮರಿಗಳಿಗೆ ತುಕ್ಕು ಬಣ್ಣ ಇನ್ನೂ ಬಂದಿರುವುದಿಲ್ಲ, ಚುಕ್ಕೆ ಕಪ್ಪಗಿರುತ್ತದೆ. ಅದಕ್ಕೇ ಊರ ಬೆಕ್ಕಿನ ಮರಿ ಎಂದು ಎತ್ತಿಕೊಂಡು ಹೋಗುತ್ತಾರೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಊರ ಬೆಕ್ಕಿನ ವಂಶವೇ ಬೇರೆ. ಜಗತ್ತಿನ ಸಾಕು ಬೆಕ್ಕುಗಳೆಲ್ಲ ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆಯ ಒಂದು ಕಾಡುಬೆಕ್ಕಿನ ಸಂತಾನವೆಂದು 2007ರ ಡಿಎನ್‌ಎ ಅಧ್ಯಯನ ತೋರಿಸಿತು. ಸೈಪ್ರಸ್‌ನಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕವೇ ಬೆಕ್ಕನ್ನು ಹೂತಿದ್ದಾರೆ. ಕಣಜಕ್ಕೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಯಾರೂ ಹಿಡಿದು ತಂದದ್ದಲ್ಲ. ವಾಘಾಟಿಯ ದಾಯಾದಿ ಚಿರತೆ ಬೆಕ್ಕು ಕೂಡ ಚೀನಾದ ರೈತರ ಊರುಗಳಲ್ಲಿ ಸುಮಾರು 5,000 ವರ್ಷಗಳ ಹಿಂದೆ ಹೀಗೇ ಇಲಿ ಹಿಡಿದುಕೊಂಡಿತ್ತು. ಆದರೆ ಅದು ನಮ್ಮ ಒಲೆಯ ಪಕ್ಕ ಮಲಗುವ ಬೆಕ್ಕಾಗಲಿಲ್ಲ, ಕಾಡಿನದಾಗಿಯೇ ಉಳಿಯಿತು. (ನಾವು ವಲಸೆ ಬಂದವರು ಇದನ್ನು ಓದಿ ಸುಮ್ಮನೆ ನಗಬಹುದು.)

ಡಬ್ಬಕ್ಕೆ ಬರೋಣ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಪ್ರಾಣಿ ರಕ್ಷಣೆಯ ಇಬ್ಬರು ಹುಡುಗರು ಬಂದರು. ಒಬ್ಬ ಮೊಬೈಲ್ ಟಾರ್ಚ್ ಹಿಡಿದು, "ಶೇಪಟಿ ಬಘಾ" ಎಂದ, ಬಾಲ ನೋಡಿ ಎಂದು. ಬಾಲದ ತುಂಬ ಬಳೆ ತೊಟ್ಟಂತೆ ಕಪ್ಪು ಪಟ್ಟಿಗಳು. ವಾಘಾಟಿಯ ಬಾಲಕ್ಕೆ ಹೀಗೆ ಬಳೆ ಇರುವುದಿಲ್ಲವಂತೆ. ಹಣೆಯ ಮೇಲೆ ಬಿಳಿ ಗೆರೆಗಳಿರುತ್ತವಂತೆ. ಇದು ಅಪ್ಪಟ ಊರ ಬೆಕ್ಕು. ನಾನು ನಾಚಿ ಸಾರಿ ಹೇಳಿದೆ. "ಯಾವುದಾದರೇನು, ತಾಯಿ ಒಂದೇ ಅಲ್ಲವಾ ಮೇಡಂ" ಎಂದು ಡಬ್ಬವನ್ನು ಸಿಕ್ಕಿದ ಜಾಗದಲ್ಲೇ ಇಡಿಸಿದ. ಜುನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲಿ ವಾಘಾಟಿ ಮರಿಗಳಿಗೂ ಹೀಗೇ ಮಾಡುತ್ತಾರಂತೆ: ಕತ್ತಲಾದ ಮೇಲೆ ಅಲ್ಲೇ ಇಟ್ಟು ದೂರ ನಿಂತರೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

ಚಾಚಾ ಮತ್ತು ನಾನು ಪಾರ್ಕಿಂಗಿನ ಸ್ಕೂಟರ್ ಹಿಂದೆ ನಿಂತೆವು. ಸೊಳ್ಳೆ ತಿಂದುಹಾಕಿದವು. ಹನ್ನೆರಡೂಕಾಲಿಗೆ ಬಡಕಲು ಬೆಕ್ಕೊಂದು ಗೋಡೆಯಿಂದ ಇಳಿದು, ನಮ್ಮನ್ನೊಮ್ಮೆ ನೋಡಿ, ಮರಿಯ ಕತ್ತು ಹಿಡಿದು ಜನರೇಟರ್ ಕೋಣೆಯ ಹಿಂದೆ ಹೋಯಿತು.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಆ ಕಬ್ಬಿನ ಗದ್ದೆ ಮರಿಗಳ ಬಾಲ ಹೇಗಿತ್ತು ಎಂದು.

"ಅದ್ಯಾಕೆ ಈಗ? ಬಾಲ್ದಲ್ಲಿ ಪಟ್ಟೆಗಿಟ್ಟೆ ಏನೂ ಇರ್ಲಿಲ್ಲ ಕಣವ್ವ. ಇದೇನ್ ಬೋಳು ಬಾಲ ಅಂತ ನೀನೇ ನಗ್ತಿದ್ದೆ."