ದೇವನೂರಿನಲ್ಲೊಂದು ಅಕ್ಷರದ ಪ್ರಸಂಗ

ದೇವನೂರು ಎಂದೊಡನೆ ನಮ್ಮ ಸಮಾಜದ ಅನೇಕರಿಗೆ ಗುರುಮಲ್ಲೇಶ್ವರರ ಮಠವು ನೆನಪಾಗುತ್ತದೆ. ಆ ದೇವನೂರು ನಂಜನಗೂಡು ತಾಲ್ಲೂಕಿನದು. ನಾನು ಹೇಳಹೊರಟಿರುವುದು ಕಡೂರು ತಾಲ್ಲೂಕಿನ ದೇವನೂರನ್ನು; 'ಜೈಮಿನಿ ಭಾರತ'ದ ಕರ್ತೃ ಲಕ್ಷ್ಮೀಶನು ಆರಾಧಿಸಿದ ಲಕ್ಷ್ಮೀಕಾಂತನ ಊರನ್ನು. ಕವಿಯು ಹೇಳುವ ದೇವಪುರ ಇದಲ್ಲ, ಸುರಪುರದ ಸೀಮೆಯದೆಂದು ವಾದಿಸಿದ ವಿದ್ವಾಂಸರೂ ಉಂಟು. ನಾನಂತೂ ಕಡೂರಿನ ಪಕ್ಷದವನು.

ವಿಷ್ಣುಭಕ್ತನ ಕಾವ್ಯವಾದರೂ ಮಠದ ಪಾಠಶಾಲೆಯಲ್ಲಿ ನಾವು ಅದನ್ನು ಕಂಠಪಾಠ ಮಾಡಿದ್ದೆವು. ಅದರ ವಾರ್ಧಕ ಷಟ್ಪದಿಯು ನಮ್ಮ ರಾಘವಾಂಕನು 'ಹರಿಶ್ಚಂದ್ರ ಕಾವ್ಯ'ದಲ್ಲಿ ಬೆಳಗಿಸಿದ ಛಂದಸ್ಸೇ ಅಲ್ಲವೇ?

ಈಚೆಗೆ ಕುಟುಂಬ ಸಮೇತ ಅಲ್ಲಿಗೆ ಹೋಗಿದ್ದೆವು. ಜರ್ಮನಿಯಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ತನ್ನ ಏಳು ವರ್ಷದ ಕೂಸಿನೊಡನೆ ಬಂದಿದ್ದಳು. ದರ್ಶನವಾದ ಮೇಲೆ ಜಗಲಿಯಲ್ಲಿ ಕುಳಿತಾಗ ನಮ್ಮ ಅಕ್ಕನವರು ಕಡೂರಿನ ಅಂಗಡಿಯಲ್ಲಿ ಕಟ್ಟಿಸಿ ತಂದಿದ್ದ ಪೊಟ್ಟಣವನ್ನು ಮಗುವಿನ ಮುಂದೆ ಹಿಡಿದರು. ಬಣ್ಣದ ಕಾಗದದ ಮೇಲೆ ಇಂಗ್ಲಿಷಿನಲ್ಲಿ 'ಗಿಫ್ಟ್' ಎಂದು ಅಚ್ಚಾಗಿತ್ತು. ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಬೇಡ ಅಜ್ಜಿ, ಇದು ವಿಷ" ಎಂದಿತು.

ಅಕ್ಕನವರ ಮುಖ ಕಪ್ಪಿಟ್ಟಿತು. ಎಪ್ಪತ್ತು ದಾಟಿದ ಜೀವ. ದೇವಾಲಯದ ಅಂಗಳದಲ್ಲಿ ಅಂಥ ಮಾತು! ತಾಯಿ ಗಾಬರಿಯಿಂದ ವಿವರಿಸಿದಳು: ಜರ್ಮನ್ ಭಾಷೆಯಲ್ಲಿ ಅದೇ ನಾಲ್ಕು ರೋಮನ್ ಅಕ್ಷರಗಳು ಅದೇ ಕ್ರಮದಲ್ಲಿ ಬಂದರೆ ವಿಷವೆಂದೇ ಅರ್ಥ, ಇಲಿಪಾಷಾಣದ ಡಬ್ಬಿಯ ಮೇಲೆ ಆ ಪದವನ್ನು ಕಂಡರೆ ಮುಟ್ಟಬಾರದೆಂದು ತಾನೇ ಕಲಿಸಿದ್ದೆನೆಂದಳು. ಅಕ್ಕನವರು ಮಾತ್ರ ಪೊಟ್ಟಣವನ್ನು ಸೆರಗಿನೊಳಗೆ ಸೇರಿಸಿ ಸುಮ್ಮನಾದರು.

ಆಗ ನನಗೆ ಚಂದ್ರಹಾಸನ ಕಥೆ ಹೊಳೆಯಿತು. ಕುಂತಳದ ಮಂತ್ರಿ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲೇ ಓಲೆ ಕೊಟ್ಟು, ಇವನಿಗೆ ವಿಷವನ್ನು ಕೊಡು ಎಂದು ಮಗ ಮದನನಿಗೆ ಬರೆದನು. ಉಪವನದಲ್ಲಿ ಮಲಗಿದ್ದ ಚೆಲುವನನ್ನು ಕಂಡ ಮಂತ್ರಿಯ ಮಗಳು ವಿಷಯೆಯು ಓಲೆಯನ್ನೋದಿ, ಅಕ್ಷರವನ್ನು ತಿದ್ದಿ, ವಿಷದ ಎಡೆಯಲ್ಲಿ ತನ್ನ ಹೆಸರನ್ನೇ ನಿಲ್ಲಿಸಿದಳು. ಮದನನು ಮದುವೆಯನ್ನೇ ಮಾಡಿಬಿಟ್ಟನು! ಇದನ್ನು ಹಾಡಿದ ಕವಿಯ ದೈವದ ಬಾಗಿಲಲ್ಲೇ ನಾವು ಕುಳಿತಿದ್ದೆವು.

ಕಥೆಯನ್ನು ಮಗು ಬಾಯ್ದೆರೆದು ಕೇಳಿತು. ಅದರ ತಾಯಿ ಇನ್ನೊಂದು ಸೋಜಿಗವನ್ನು ಸೇರಿಸಿದಳು. ಸ್ವೀಡನ್ನಿನ ಭಾಷೆಯಲ್ಲಿ ಈ ಪದಕ್ಕೆ ವಿಷವೆಂದೂ ಅರ್ಥ, ವಿವಾಹವಾದವರು ಎಂದೂ ಅರ್ಥವಂತೆ. ವಿಷಯೆ ಅಲ್ಲಿ ಹುಟ್ಟಿದ್ದರೆ ತಿದ್ದುವ ಶ್ರಮವೇ ಇರುತ್ತಿರಲಿಲ್ಲ! ಮೂಲದಲ್ಲಿ ಇವೆಲ್ಲವೂ 'ಕೊಡು' ಎಂಬ ಒಂದೇ ಧಾತುವಿನ ಕುಡಿಗಳು. ಜರ್ಮನರಲ್ಲಿಯೂ ಹಿಂದೆ ಈ ಪದಕ್ಕೆ ಕೊಡುಗೆಯೆಂಬ ಅರ್ಥವಿತ್ತು. ವಧುವಿಗೆ ತವರಿನಿಂದ ಕೊಡುವ ಧನದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಕೊಟ್ಟ ಮದ್ದು ಎಂಬರ್ಥದಿಂದ ಜಾರಿ ಅದು ವಿಷವಾಯಿತು. ನಮ್ಮಲ್ಲಿಯೂ 'ಮದ್ದು' ಔಷಧವೂ ಹೌದು. 'ಮದ್ದು ಹಾಕಿದರು' ಎಂದರೆ ಬೇರೆಯೇ ಮಾತು.

ಈ ಕಡೆಯ ಮಾತಿಗೆ ಅಕ್ಕನವರು ನಕ್ಕರು. ಪೊಟ್ಟಣವನ್ನು ಹೊರತೆಗೆದು, ಬಣ್ಣದ ಕಾಗದವನ್ನು ತಾವೇ ಬಿಚ್ಚಿ ನನ್ನ ಕೈಗಿತ್ತು, ಒಳಗಿದ್ದ ಹಸಿರು ಬಳೆಗಳನ್ನು ಮಗುವಿನ ಕೈಗೆ ಒಂದೊಂದಾಗಿ ತೊಡಿಸತೊಡಗಿದರು.